ಮಳೆಯಿಲ್ಲದ ದಿನದ ಸೊನ್ನೆ

ಸುಂಟಿಕೊಪ್ಪದ ಹತ್ತಿರ ನಮ್ಮ ಎಸ್ಟೇಟು. ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಅಲ್ಲಿನ ದೊರೆಸಾನಿ ಇಂಗ್ಲೆಂಡಿನ ತಮ್ಮ ಅಕ್ಕನ ಹಳ್ಳಿಗೆ ರಜೆಗೆ ಹೊರಟರು. ವಸಂತದಲ್ಲಿ ಹೋಗಬೇಕೋ ಶರತ್ಕಾಲದಲ್ಲಿ ಹೋಗಬೇಕೋ ಎಂದು ತೀರ್ಮಾನ ಮಾಡಿದವನು ನಾನು. ಅದರಲ್ಲಿ ಲೆಕ್ಕ ಬರೆಯುವ ಎಸ್ಟೇಟ್ ರೈಟರಿಗೇನು ಕೆಲಸ ಎಂದು ನೀವು ಕೇಳಬಹುದು. ಏನೂ ಇರಲಿಲ್ಲ. ಯಮುನ ಬಂದು ಕೇಳಿದಳು, ನಾನು ಹೇಳಿದೆ, ಹೇಳಿದ್ದು ತಪ್ಪಾಯಿತು.

ನನ್ನ ಹೆಸರು ಕೂಸಪ್ಪ. ಆಗ ಇಪ್ಪತ್ತಾರು ವರ್ಷ. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕಾಫಿ ಹಣ್ಣಿನ ತೂಕ. ನಡುವೆ ಎಂಟು ಗಂಟೆಗೆ ಸರಿಯಾಗಿ ಬಂಗಲೆಯ ಅಂಗಳಕ್ಕೆ ಹೋಗಿ ಮಳೆ ಅಳೆಯುವುದು. ಹುಲ್ಲಿನ ನಡುವೆ ಒಂದು ತಾಮ್ರದ ಡಬ್ಬಿ ಹೂತಿದ್ದರು. ಅದರೊಳಗಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಎಷ್ಟು ಇಂಚು ಎಂದು ಪುಸ್ತಕದಲ್ಲಿ ಬರೆಯಬೇಕು. ಮಳೆ ಬೀಳದಿದ್ದರೆ ಸೊನ್ನೆ ಬರೆಯಬೇಕು.

ಯಮುನ ನಮ್ಮ ಮೇಸ್ತ್ರಿ ಪೊನ್ನಪ್ಪನವರ ಮಗಳು. ದೊರೆಸಾನಿಯ ಮೂರು ವರ್ಷದ ಮಗಳಿಗೆ ಅವಳೇ ಆಯಾ. ಎಂಟು ಗಂಟೆಗೆ ಮಗುವಿಗೆ ಟೊಪ್ಪಿ ಹಾಕಿ ಅಂಗಳಕ್ಕೆ ಕರೆದು ತರುತ್ತಿದ್ದಳು.

"ರೈಟರೇ, ಇವತ್ತು ಎಷ್ಟು ಇಂಚು ಬಿಸಿಲು?"

ಜನವರಿ ತಿಂಗಳು. ಆಕಾಶದಲ್ಲಿ ಮೋಡದ ಸುಳಿವಿಲ್ಲ. ನಾನು ಖಾಲಿ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಗಂಭೀರವಾಗಿ ನೋಡುತ್ತಿದ್ದೆ. ಗಾಜಿನ ಆಚೆ ಅವಳ ಹಸಿರು ಸೀರೆ ಸ್ವಲ್ಪ ಡೊಂಕಾಗಿ ಕಾಣುತ್ತಿತ್ತು. ಅವಳು ನಗುವನ್ನು ಒಂದೇ ಕೆನ್ನೆಯಲ್ಲಿ ಅಡಗಿಸಿಟ್ಟು, ಮಗುವಿನ ಟೊಪ್ಪಿಯ ದಾರವನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ಸೊನ್ನೆ," ಎನ್ನುತ್ತಿದ್ದೆ.

"ಅಬ್ಬಾ! ನಿನ್ನೆಗಿಂತ ಏನೂ ಕಮ್ಮಿಯಾಗ್ಲಿಲ್ಲ ಹಾಗಾದ್ರೆ."

ಇಷ್ಟೇ ಮಾತು. ಇಷ್ಟಕ್ಕಾಗಿ ನಾನು ಆಳುಗಳ ಲೈನು ಮನೆಗಳ ಕಡೆಯಿಂದ ಗುಡ್ಡ ಹತ್ತಿ ಬರುತ್ತಿದ್ದೆ.

ಒಂದು ದಿನ ಅವಳು ಎರಡು ಚಿತ್ರದ ಕಾರ್ಡು ತಂದಳು. ಒಂದರಲ್ಲಿ ಕುರಿಮರಿಗಳು, ಮರದ ಬುಡದಲ್ಲೆಲ್ಲ ನೀಲಿ ಹೂ. ಇನ್ನೊಂದರಲ್ಲಿ ಕೆಂಪಗಾದ ಎಲೆಗಳು, ಬುಟ್ಟಿ ತುಂಬ ಸೇಬು.

"ಇದು ಸ್ಪ್ರಿಂಗಂತೆ, ಇದು ಆಟಮ್ಮಂತೆ. ದೊರೆಸಾನಿಗೆ ಎರಡೂ ಬೇಕು, ರಜೆ ಒಂದೇ. ಮಗು ನೋಡ್ಕೊಳ್ಳೋಕೆ ನನ್ನನ್ನೂ ಕರ್ಕೊಂಡು ಹೋಗ್ತಾರೆ. 'ನೀನೇ ಹೇಳು ಯಮುನ' ಅಂದ್ರು. ನಂಗೆಂತ ಗೊತ್ತು? ನೀವು ಹೇಳಿ."

"ಯಾವಾಗ ಹೋಗಿ ಯಾವಾಗ ಬರೋದು?"

"ಸ್ಪ್ರಿಂಗಾದ್ರೆ ಫೆಬ್ರವರಿ ಕೊನೆಗೆ ಹೊರಟು ಮಳೆಗಾಲ ಹಿಡಿಯುವಾಗ ವಾಪಸ್. ಆಟಮ್ಮಾದ್ರೆ ಆಟಿ ತಿಂಗಳು ಮುಗಿದ ಮೇಲೆ ಆಗಸ್ಟಲ್ಲಿ ಹೋಗಿ ಡಿಸೆಂಬರಿನ ಹುತ್ತರಿ ಹಬ್ಬಕ್ಕೆ ಮುಂಚೆ ಬಂದುಬಿಡೋದು." ಅವಳು ಕಾರ್ಡಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನನ್ನ ಮುಖವನ್ನೇ ನೋಡಿದಳು. "ಸರಿಯಾಗಿ ಯೋಚನೆ ಮಾಡಿ ಹೇಳಿ, ಆಯ್ತಾ?"

ಸರಿಯಾಗಿಯೇ ಯೋಚನೆ ಮಾಡಿದೆ. ಅದೇ ಆದ ಅನಾಹುತ. ಆಫೀಸಿನಲ್ಲಿದ್ದ ಹಳೆಯ ಪತ್ರಿಕೆಗಳನ್ನೆಲ್ಲ ತಿರುವಿ ಹಾಕಿ ಒಂದು ಹಾಳೆಯ ತುಂಬ ಬರೆದೆ. ಆಗಸ್ಟಿನಲ್ಲಿ ಬೊಂಬಾಯಿಯಿಂದ ಹೊರಡುವ ಹಡಗನ್ನು ಸಮುದ್ರ ಬುಡಮೇಲು ಮಾಡಿಬಿಡುತ್ತದೆ. ಯಮುನಳಿಗೆ ಮಡಿಕೇರಿಯ ಬಸ್ಸಿನಲ್ಲೇ ಎರಡು ಸಲ ವಾಂತಿ. ಮಾರ್ಚಿನಲ್ಲಾದರೆ ನೀರು ಶಾಂತ. ಆದ್ದರಿಂದ ಸ್ಪ್ರಿಂಗೇ ಒಳ್ಳೆಯದು ಎಂದು ಕೆಳಗೆ ಗೆರೆ ಎಳೆದು ಸಹಿಯನ್ನೂ ಹಾಕಿದೆ. ಅವಳು ಹಡಗಿನಲ್ಲಿ ತಲೆ ಹಿಡಿದು ಕೂರುವುದನ್ನು ನೆನೆಸಿಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಮರುದಿನ ಹಾಳೆ ಕೊಟ್ಟೆ. ಅವಳು ಎರಡು ಸಲ ಓದಿದಳು. ಕೆನ್ನೆಯಲ್ಲಿದ್ದ ನಗು ಎಲ್ಲಿಗೋ ಹೋಯಿತು.

"ಸಮುದ್ರದ ವಿಷಯ ಚೆನ್ನಾಗಿ ಬರ್ದಿದ್ದೀರಿ," ಎಂದಳು. "ಕೊಡ್ತೇನೆ ದೊರೆಸಾನಿಗೆ." ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಇಂಚು ಎಷ್ಟು ಎಂದು ಕೇಳಲಿಲ್ಲ.

ಆ ಸಂಜೆ ತೂಕದ ಹೊತ್ತಿಗೆ ಪೊನ್ನಪ್ಪನವರು ನನ್ನ ಬೆನ್ನು ತಟ್ಟಿದರು.

"ನೀವೇ ಸ್ಪ್ರಿಂಗ್ ಅಂತ ಬರ್ದು ಕೊಟ್ರಂತೆ? ಒಳ್ಳೇದಾಯ್ತು ಮಾರಾಯ್ರೆ. ಆಟಮ್ಮಾಗಿದ್ರೆ ಅವ್ಳು ಇನ್ನೂ ಟೈಮಿದೆ ಅಂತ ಮದುವೆ ಮಾತನ್ನ ಮುಂದೆ ಹಾಕ್ತಿದ್ಲು. ಮಾತು ಕೊಡದೆ ಹೆಣ್ಣನ್ನ ಸಮುದ್ರ ದಾಟ್ಸೋಕಾಗ್ತದಾ? ತಿತಿಮತಿಯವರಿಗೆ ಹೇಳಿ ಕಳ್ಸಿದ್ದೇನೆ, ಭಾನುವಾರ ಬರ್ತಾರೆ. ಹುಡುಗ ಮರದ ಡಿಪೋದಲ್ಲಿ ಗುಮಾಸ್ತ."

ನಾನು ಬುಟ್ಟಿಯ ತೂಕ ಬರೆದೆ. ಯಾವ ಬುಟ್ಟಿಯದ್ದು ಎಂದು ಆಮೇಲೆ ಗೊತ್ತಾಗಲಿಲ್ಲ.

ನಮ್ಮ ಕಡೆ ಹುತ್ತರಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ ಹೆಣ್ಣು ಕೇಳುವ ಕಾಲ, ಮದುವೆಯ ಕಾಲ. ಆಟಿಯಲ್ಲಿ ಆ ಸುದ್ದಿಯನ್ನೇ ಎತ್ತುವುದಿಲ್ಲ. ತೊಟ್ಟಿಲ ಮಗುವಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ಆದರೆ ವರ್ಷದ ಹನ್ನೆರಡು ತಿಂಗಳನ್ನೂ ನಾನು ಇಂಚಿನ ಲೆಕ್ಕದಲ್ಲೇ ನೋಡಿದ್ದೆ. ಅವಳು ಕೇಳಿದ್ದು ಸಮುದ್ರದ ಮಾತಲ್ಲ. ಈ ಬೇಸಗೆಯಲ್ಲಿ ತಾನು ಇಲ್ಲಿರಬೇಕೋ ಬೇಡವೋ ಎಂದು ಕೇಳಿದ್ದಳು. ಬೇಡ ಎಂದು ಬರೆದು ಸಹಿ ಹಾಕಿ ಕೊಟ್ಟ ಪ್ರಾಣಿ ನಾನು.

ಮರುದಿನ ಎಂಟು ಗಂಟೆಗೆ ಅಂಗಳದಲ್ಲಿ ಯಾರೂ ಇರಲಿಲ್ಲ. ಎಂಟೂಕಾಲಾಯಿತು, ಎಂಟೂವರೆಯಾಯಿತು. ಗಾಜು ಕೈಯಲ್ಲಿಯೇ ಇತ್ತು. ಹಡಗಿನ ಟಿಕೆಟ್ಟಿಗೆ ದೊರೆಸಾನಿ ಬರೆದ ಕಾಗದವನ್ನು ಟಪ್ಪಾಲಿನ ಲಿಂಗ ಹತ್ತು ಗಂಟೆಗೆ ಒಯ್ಯುತ್ತಾನೆಂದು ಗೊತ್ತಿತ್ತು. ರೈಟರಾದವನು ಕರೆಯದೆ ಬಂಗಲೆಯ ಹಿಂದಿನ ಜಗಲಿ ಹತ್ತಬಾರದು. ಹತ್ತಿದೆ.

ಯಮುನ ಮಗುವಿನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಆ ಹಾಳೆ ವಾಪಸ್ ಬೇಕು," ಎಂದೆ.

"ಯಾಕೆ? ಸಮುದ್ರ ಬದಲಾಯ್ತಾ?"

"ಇಲ್ಲ. ನಾನು ಬರ್ದದ್ದು ತಪ್ಪು."

"ರೈಟರು ಬರ್ದದ್ದು ತಪ್ಪಾಗ್ತದಾ?" ಸೂಜಿ ಸರಸರನೆ ಓಡಿತು. "ಒಂದು ಮಾತು ಕೇಳ್ಲಾ? ನಿಮಗಿಂತ ಮೊದಲಿದ್ದ ರೈಟರು ಬೇಸಗೆಯಲ್ಲಿ ಒಂದು ದಿನವೂ ಇಲ್ಲಿಗೆ ಬಂದವರಲ್ಲ. ತಿಂಗಳ ಕೊನೆಗೆ ಆಫೀಸಲ್ಲಿ ಕೂತು ಮೂವತ್ತು ಸೊನ್ನೆ ಒಟ್ಟಿಗೆ ಬರೀತಿದ್ರು. ನೀವು ದಿನಾ ಗುಡ್ಡ ಹತ್ತಿ ಬಂದ್ರಿ. ಖಾಲಿ ಗಾಜಲ್ಲಿ ಎಂತ ನೋಡ್ತಿದ್ರಿ?"

ಸುಳ್ಳು ಹೇಳಲು ಬಾಯಿ ತೆರೆದೆ. ನಿಯಮ, ಪುಸ್ತಕ, ದೊರೆಗಳ ಆಜ್ಞೆ, ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು.

"ನಿನ್ನನ್ನ," ಎಂದೆ.

ಸೂಜಿ ನಿಂತಿತು.

"ನೀನು ಹೋಗ್ಬೇಡ ಅಂತ ಹೇಳುವ ಧೈರ್ಯ ಇರ್ಲಿಲ್ಲ, ಅದಕ್ಕೆ ಸಮುದ್ರದ ವಿಷಯ ಬರ್ದೆ. ಯಮುನ, ನೀನಿಲ್ಲದಿದ್ರೆ ನಾನು ಆ ಗುಡ್ಡ ಹತ್ತೋದಿಲ್ಲ. ನಂಗೆ ನೀನು ಬೇಕು."

ಅವಳು ನನ್ನನ್ನು ನೋಡಿದಳು. ಕಣ್ಣು ತುಂಬಿತ್ತು, ಕೆನ್ನೆಯಲ್ಲಿ ನಗುವಿತ್ತು.

"ಇಷ್ಟು ಹೇಳೋಕೆ ಎಷ್ಟು ಸೊನ್ನೆ ಬೇಕಾಯ್ತು ನಿಮಗೆ!" ಎಂದು ಅಂಗಿ ಕೆಳಗಿಟ್ಟು ಎದ್ದಳು. "ಹಾಗಾದ್ರೆ ಕೇಳಿ. ನಾನು ಹೋಗೋದು ಹೌದು. ಆ ಸೇಬಿನ ಊರನ್ನ ನಂಗೆ ನೋಡ್ಲೇಬೇಕು. ಆಟಮ್ಮಲ್ಲಿ ಹೋಗ್ತೇನೆ, ಮದುವೆಯಾಗಿ ಹೋಗ್ತೇನೆ. ಆಗ್ಬಹುದಾ?"

"ಸಮುದ್ರ..." ಎಂದೆ.

"ನಿಮ್ಮ ಸಮುದ್ರ ಹಾಳಾಗ್ಲಿ!"

ಗಲಾಟೆಗೆ ದೊರೆಸಾನಿ ಬಂದರು. ಯಮುನ ತಾನೇ ಹೋಗಿ ಏನೋ ಹೇಳಿದಳು. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಟಿಕೆಟ್ಟಿಗೆ ಬರೆದು ಮೇಜಿನ ಮೇಲಿಟ್ಟಿದ್ದ ಕಾಗದವನ್ನು ಹರಿದರು. "ಆಲ್ ರೈಟ್. ಸೇಬು," ಎಂದರು. ಹತ್ತು ಗಂಟೆಗೆ ಲಿಂಗ ಬೇರೆ ಕಾಗದ ಒಯ್ದ.

ನಾನು ಅದೇ ಹುಮ್ಮಸ್ಸಿನಲ್ಲಿ ಪೊನ್ನಪ್ಪನವರ ಮುಂದೆ ಹೋಗಿ ನಿಂತು ಹೆಣ್ಣು ಕೇಳಿಬಿಟ್ಟೆ. ಅವರು ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿದರು.

"ಹೆಣ್ಣು ಕೇಳೋಕೆ ಹುಡುಗನೇ ಬರೋದಾ? ಹಿರಿಯರಿಲ್ವಾ ನಿಮ್ಗೆ? ಹೋಗಿ, ಮರ್ಯಾದೆಯಾಗಿ ಬನ್ನಿ."

ಅವರು ಇಲ್ಲ ಎನ್ನಲಿಲ್ಲ ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಶನಿವಾರ ಬೆಳಿಗ್ಗೆ ದೊಡ್ಡಪ್ಪ ಬೆಳ್ಯಪ್ಪನವರನ್ನು ಮುಂದಿಟ್ಟುಕೊಂಡು ಹೋದೆ. ಪೊನ್ನಪ್ಪನವರು ಒಪ್ಪಿ, ತಿತಿಮತಿಗೆ ಭಾನುವಾರ ಬರಬೇಡಿ ಎಂದು ಅಂದೇ ಹೇಳಿ ಕಳುಹಿಸಿದರು. ಮಾರ್ಚಿನಲ್ಲಿ ಕಾಫಿ ಹೂ ಬಿಟ್ಟ ವಾರವೇ ಮದುವೆಯಾಯಿತು.

ಆಗಸ್ಟಿನಲ್ಲಿ ಅವಳು ಹೋದಳು. ಹೆಂಡತಿಯನ್ನು ಹಡಗು ಹತ್ತಿಸಿದ ಗಂಡ ಎಂದು ಸಂತೆಯಲ್ಲಿ ಜನ ನನ್ನನ್ನು ತೋರಿಸಿ ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ಅಕ್ಟೋಬರಿನಲ್ಲಿ ಸೇಬಿನ ಚಿತ್ರವಿದ್ದ ಒಂದು ಕಾರ್ಡು ಬಂತು. ಸಮುದ್ರದ ವಿಷಯ ನೀವು ಬರೆದದ್ದು ಅಕ್ಷರಶಃ ಸರಿ, ಒಂಬತ್ತು ದಿನ ತಲೆ ಎತ್ತಲಿಲ್ಲ. ಇಲ್ಲಿ ಎಲೆಗಳು ಚಿತ್ರಕ್ಕಿಂತ ಕೆಂಪು. ಊರವರೆಲ್ಲ ಎದುರಾದರೆ ಮೊದಲು ಮಳೆ ಬಿಸಿಲಿನ ಮಾತೇ ಆಡುತ್ತಾರೆ, ಎಲ್ಲರೂ ನೀವೇ ಅನಿಸುತ್ತದೆ. ಇಷ್ಟು ಬರೆದಿದ್ದಳು. ನಾನು ಅದನ್ನು ಮಳೆ ಪುಸ್ತಕದೊಳಗೆ ಇಟ್ಟುಕೊಂಡು, ಬರೆಯುವ ಮೊದಲು ದಿನವೂ ಒಮ್ಮೆ ಓದುತ್ತಿದ್ದೆ. ಆ ನಾಲ್ಕು ತಿಂಗಳು ನಾನು ಚೆನ್ನಾಗಿರಲಿಲ್ಲ.

ಹುತ್ತರಿಗೆ ಮೂರು ದಿನ ಇರುವಾಗ ಬಂದಳು. ಬಸ್ಸಿನಿಂದ ಇಳಿದವಳ ಮುಖ ಸೊರಗಿತ್ತು. ಚೀಲದ ತುಂಬ ಒಣಗಿದ ಕೆಂಪು ಎಲೆಗಳು.

ಮರುದಿನ ಎಂಟು ಗಂಟೆಗೆ ನಾನು ಗಾಜು ಎತ್ತಿ ಹಿಡಿದೆ. ಆಚೆ ಹಸಿರು ಸೀರೆ ಡೊಂಕಾಗಿ ಕಾಣಿಸಿತು.

"ಎಷ್ಟಂತೆ?" ಎಂದಳು. ರೈಟರೇ ಎನ್ನಲಿಲ್ಲ. ಮದುವೆಯಾದ ದಿನದಿಂದ ಅವಳು ಹಾಗೆ ಕರೆಯುವುದನ್ನು ಬಿಟ್ಟಿದ್ದಳು.

"ಸೊನ್ನೆ."

"ಸರಿಯಾಗಿ ನೋಡಿದ್ರಾ?"

"ಇನ್ನೊಮ್ಮೆ ನೋಡ್ತೇನೆ," ಎಂದೆ, ಗಾಜನ್ನು ಕೆಳಗಿಟ್ಟು ಅವಳನ್ನೇ ನೋಡಿದೆ.