ಗಟ್ಟಿಯಾಗದ ಅಚ್ಚು

ಒದ್ದೆ ಸುಣ್ಣದ ವಾಸನೆ ಬಂದರೆ ನನಗೆ ಇವತ್ತಿಗೂ ಅಜ್ಜಿ ನೆನಪಾಗುತ್ತಾಳೆ. ಈಸ್ಟರ್ ಹಬ್ಬಕ್ಕೆ ಮುಂಚೆ ಅವಳು ಗೋಡೆಗೆ ಸುಣ್ಣ ಬಳಿಯುವಾಗ ನಾನು ಬಕೆಟ್ಟಿನ ಪಕ್ಕದಲ್ಲೇ ಕೂತಿರುತ್ತಿದ್ದೆ. ಕಾಲೇಜು ಓದಿಯೂ ಸುಬೊತಿತ್ಸಾ ಪಟ್ಟಣದ ಗಾರೆ ಕಾರ್ಖಾನೆಗೆ ಸೇರಿದ್ದು ಆ ವಾಸನೆಗಾಗಿಯೇ ಇರಬೇಕು. ಹಳೆಯ ಮನೆಗಳ ಮುಂಗೋಡೆಯ ಮೇಲಿನ ಗಾರೆ ಹೂಬಳ್ಳಿ, ಗಾರೆ ಮುಖಗಳಿಂದ ಅಚ್ಚು ತೆಗೆದು ಮತ್ತೆ ಎರಕ ಹೊಯ್ಯುವ ಕೆಲಸ ನಮ್ಮದು.

ಅಚ್ಚು ತೆಗೆಯಲು ಜರ್ಮನಿಯಿಂದ ಬಂದ ಹೊಸ ಸಿಲಿಕೋನ್ ರಬ್ಬರಿಗೆ ಮಾತ್ರ ಯಾವ ವಾಸನೆಯೂ ಇರಲಿಲ್ಲ. ಎರಡು ಡಬ್ಬಿಗಳ ದ್ರವವನ್ನು ಸರಿಯಾಗಿ ತೂಗಿ, ಬೆರೆಸಿ ಹಚ್ಚಿದರೆ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗುತ್ತದೆ. ತೂಗುವವನು ತಿಹೋಮಿರ್, ಹಚ್ಚುವವಳು ನಾನು. ಜರ್ಮನ್ ಬಲ್ಲವಳು ನಾನೊಬ್ಬಳೇ ಆದ್ದರಿಂದ ಸೂಚನೆಯ ಹಾಳೆ ಓದುವುದೂ ನನ್ನ ಪಾಲಿಗೆ.

ಅರ್ಧ ಓದಿದ್ದೆ. ಅವನು ಎದುರಿಗೆ ಬಂದು ನಿಂತ.

"ಕೈ ತೋರ್ಸು ವಿದಾ."

"ಭವಿಷ್ಯ ಹೇಳ್ತೀಯಾ?"

"ಭವಿಷ್ಯ ಆಮೇಲೆ. ಸುಣ್ಣಕ್ಕೆ ಹೇಗೆ ಬಿರುಕು ಬಿಟ್ಟಿದೆ ನೋಡು. ಈ ಬೆರಳಿಗೆ ಉಂಗುರ ಹಾಕೋಕೂ ಜನ ಹೆದರ್ತಾರೆ."

"ಯಾವ ಜನ?"

ಅವನು ತಕ್ಕಡಿಯ ಕಡೆ ತಿರುಗಿಕೊಂಡ. ಕಿವಿಯ ತುದಿ ಕೆಂಪಾಗಿತ್ತು. ಆಮೇಲೆ ಜೇಬಿನಿಂದ ಒಂದು ಜೊತೆ ತೆಳು ಲೇಟೆಕ್ಸ್ ಕೈಗವಸು ತೆಗೆದ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ತನ್ನ ಅಕ್ಕನನ್ನು ಕೇಳಿ ತಂದಿದ್ದ. ಒಂದೊಂದೇ ಬೆರಳು ತೂರಿಸಿ ತಾನೇ ತೊಡಿಸಿದ. ನನಗೆ ಆಗ ಮೂವತ್ತೆರಡು. ಯಾರೂ ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದಿರಲಿಲ್ಲ.

ಹಾಳೆಯ ಉಳಿದರ್ಧ ಓದಲಿಲ್ಲ.

ಅಂದಿನ ಕೆಲಸ ಗಾರೆಯ ಒಂದು ಹೆಣ್ಣುಮುಖ. ಒಂದು ಹಳೆಯ ಮನೆಯ ಹನ್ನೆರಡು ಮುಖಗಳಲ್ಲಿ ಉಳಿದಿದ್ದು ಅದೊಂದೇ. ಅವಳ ಗುಂಗುರು ಕೂದಲಿನ ಸಂದಿಗಳಿಗೆಲ್ಲ ರಬ್ಬರನ್ನು ಆ ಕೈಗವಸಿನ ಬೆರಳಿನಿಂದಲೇ ಒತ್ತಿ ತುಂಬಿದೆ.

ಬೆಳಿಗ್ಗೆ ಬಂದು ನೋಡಿದರೆ ಅದು ಜೇನಿನಂತೆ ಅಂಟಂಟಾಗಿಯೇ ಇತ್ತು. ಒರೆಸಹೋದರೆ ಗಾರೆಯ ಗುಂಗುರು ಕೂದಲೇ ಉದುರಿ ಬಂತು.

"ತೂಗಿದ್ದು ಯಾರು?" ಮೇಸ್ತ್ರಿ ರಾದೋಯೆ ಕೇಳಿದರು.

"ನಾನು," ಅಂದ ತಿಹೋಮಿರ್.

"ನಿಮ್ಮಪ್ಪನ ಅಂಗಡಿ ಅಂದ್ಕೊಂಡು ಸಕ್ಕರೆ ತೂಗ್ದ್ಯೇನೋ?"

"ಸರಿಯಾಗೇ ತೂಗಿದ್ದೆ ಮೇಸ್ತ್ರಿ." ಅವನು ತನ್ನ ಕೈಗಳನ್ನೇ ನೋಡಿಕೊಂಡ. "ತಪ್ಪಿರಬೇಕು."

"ನಾಳೆಯಿಂದ ಬರ್ಬೇಡ."

ನಾನು ಮೂಲೆಗೆ ಹೋಗಿ ಹಾಳೆ ಬಿಚ್ಚಿದೆ. ಕೊನೆಯ ಸಾಲಿನಲ್ಲಿತ್ತು: ಲೇಟೆಕ್ಸ್ ಕೈಗವಸು ತಾಗಿದ ಕಡೆ ಈ ರಬ್ಬರ್ ಗಟ್ಟಿಯಾಗುವುದಿಲ್ಲ.

ಮಡಿಚಿ ಜೇಬಿಗೆ ಹಾಕಿಕೊಂಡೆ. ಹೇಳಿದರೆ ನನ್ನ ಕೆಲಸ ಹೋಗುತ್ತಿತ್ತು. ಭಯವಾಯಿತು. ಬೇರೆ ಕಾರಣ ಹುಡುಕುವುದಿಲ್ಲ.

ಸಂಜೆ ಅವನು ಗೇಟಿನ ಹತ್ತಿರ ಕಾಯುತ್ತಿದ್ದ.

"ಈ ಭಾನುವಾರ ನಿನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ. ಈಗ ಬೇಡ ಬಿಡು. ತನ್ನ ಕೈನೇ ನಂಬೋಕಾಗದವನು ಇನ್ನೊಬ್ಬಳ ಕೈ ಹೇಗೆ ಹಿಡೀತಾನೆ?"

ಒಂದೇ ಒಂದು ವಾಕ್ಯ ಸಾಕಿತ್ತು. "ಹುಷಾರಾಗಿ ಹೋಗು" ಅಂದೆ.

ಮೂವತ್ತಾರು ವರ್ಷ ಕಳೆದವು. ಇನ್ನೂ ತಡ ಮಾಡಿದರೆ ಇಬ್ಬರಲ್ಲೊಬ್ಬರು ಇರುವುದಿಲ್ಲ ಅನ್ನಿಸಿ, ಹೋದ ಅಕ್ಟೋಬರಿನಲ್ಲಿ ಬಸ್ಸು ಹತ್ತಿ ಸೆಂತಾ ಎಂಬ ಊರಿನಲ್ಲಿ ಅವನ ಮನೆ ಹುಡುಕಿದೆ. ಅವನ ಹೆಂಡತಿ ಸ್ತಾನಾ ಕಾಫಿ ಇಟ್ಟು ಒಳಗೆ ಹೋದಳು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ನಾನು ಎಲ್ಲವನ್ನೂ ಹೇಳಿದೆ.

ಅವನು ಕಾಫಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತು ಬೆಳಿಗ್ಗೆನೇ."

"ಅಂದ್ರೆ ಗೇಟಿನ ಹತ್ರ ನಿಂತಾಗ ಗೊತ್ತಿತ್ತು."

"ಗೊತ್ತಿತ್ತು."

"ಇವತ್ತಿಗೂ ಉಪ್ಪನ್ನೂ ಎರಡೆರಡು ಸಲ ತೂಗ್ತೀನಿ. ಇವಳು ನಗ್ತಾಳೆ." ಅವನು ನಗಲಿಲ್ಲ. "ನೀನು ಅವತ್ತೇ ನಂಗೆ ಹೇಳಿದ್ದಿದ್ರೂ ಆ ತಪ್ಪನ್ನ ನಾನೇ ಹೊತ್ಕೋತಿದ್ದೆ ವಿದಾ. ಗೊತ್ತಿದ್ದು ಹೊರೋದು ಬೇರೆ, ನನ್ನ ಕೈಯನ್ನೇ ಅನುಮಾನಿಸ್ತಾ ಹೊರೋದು ಬೇರೆ."

"ನಿನ್ನ ತುಂಬಾ ಇಷ್ಟಪಟ್ಟಿದ್ದೆ ತಿಹೋಮಿರ್."

"ಇರಬಹುದು," ಅಂದ. "ಬಸ್ಸಿಗೆ ಹೊತ್ತಾಯ್ತು."

ಬಾಗಿಲವರೆಗೆ ಅವನು ಬರಲಿಲ್ಲ. ಸ್ತಾನಾ ಬಂದಳು. ನನ್ನ ಮುಖ ನೋಡದೆ, ಬಟ್ಟೆಯಲ್ಲಿ ಗಂಟು ಕಟ್ಟಿದ ಬಿಸಿ ಡಬ್ಬಿಯೊಂದನ್ನು ಕೈಗಿಟ್ಟಳು.

"ಮಾಂಸ ತುಂಬಿದ ದೊಣ್ಣೆಮೆಣಸಿನಕಾಯಿ. ದಾರಿ ದೂರ ಇದೆ, ತಿನ್ನಿ," ಅಂದಳು ಮೆಲ್ಲಗೆ. "ಡಬ್ಬಿ ವಾಪಸ್ ತಂದ್ಕೊಡೋದು ಬೇಡ."