ಟಾಲಿವರ್ ಜಾರಿದ ಪಂದ್ಯಗಳು

ರೂಫಸ್ ಟಾಲಿವರ್ ಬಾಗಿಲು ತಟ್ಟದೆ ಯಾರ ಕೋಣೆಗೂ ನುಗ್ಗುವ ಪೈಕಿಯವನಲ್ಲ. ಅಂದು ಮಾತ್ರ ನುಗ್ಗಿದ. ಕೈಯಲ್ಲಿದ್ದ ಶೂ ಜೋಡಿಯನ್ನು ಆಂಬ್ರೋಸ್ ಫಿಚ್‌ನ ಮೇಜಿನ ಮೇಲೆ, ಕುಡಿಯುತ್ತಿದ್ದ ಕಾಫಿಯ ಪಕ್ಕದಲ್ಲೇ, ದೊಪ್ಪನೆ ಹಾಕಿದ.

"ಆಂಬ್ರೋಸ್, ನನಗೆ ಯಾರೋ ಏನೋ ಮಾಡಿದಾರೆ ಕಣೋ. ಇಲ್ಲಾಂದ್ರೆ ನನಗೇ ತಲೆ ಕೆಟ್ಟಿದೆ. ಎರಡರಲ್ಲಿ ಒಂದು."

ಆಂಬ್ರೋಸ್ ಪಿಟ್ಸ್‌ಬರ್ಗ್ ಬ್ಯಾಸ್ಕೆಟ್‌ಬಾಲ್ ತಂಡದ ಪಂದ್ಯಗಳ ವಿಡಿಯೊ ಕತ್ತರಿಸಿ ಜೋಡಿಸುವವನು. ಟಾಲಿವರ್ ಅದೇ ತಂಡದಲ್ಲಿ ಬೆಂಚಿನಿಂದ ಎದ್ದು ಬಂದು ಎದುರಾಳಿಯ ಮುಖ್ಯ ಆಟಗಾರನನ್ನು ಕಟ್ಟಿಹಾಕುವವನು. ಅವನು ಬುಟ್ಟಿಗೆ ಚೆಂಡು ಹಾಕುವುದು ಅಪರೂಪ, ಬೇರೆಯವರು ಹಾಕದಂತೆ ನೋಡಿಕೊಳ್ಳುವುದೇ ಅವನ ಕೆಲಸ. ಇಂಥವನ ವಿಡಿಯೊ ಮಾಡುವುದು ಎಂಥ ತಲೆನೋವು ಎಂದು ಆಂಬ್ರೋಸ್‌ಗೆ ಮಾತ್ರ ಗೊತ್ತು. ಎದುರಾಳಿ ಎಸೆಯಲು ಹೋಗಿ, ಇವನ ಕೈ ನೋಡಿ, ಬೇಡವೆಂದು ಚೆಂಡನ್ನು ಬೇರೆಯವನಿಗೆ ಕೊಟ್ಟುಬಿಡುತ್ತಾನೆ. ಅದನ್ನು ಆಡಳಿತದವರಿಗೆ ತೋರಿಸಿದರೆ ಆಕಳಿಸುತ್ತಾರೆ. ಇಷ್ಟು ವರ್ಷ ತೋರಿಸಿ ತೋರಿಸಿ ಆಂಬ್ರೋಸ್‌ಗೆ ಬೇಸತ್ತು ಹೋಗಿತ್ತು.

"ನಿನ್ನ ಕರಾರಿಗೆ ಆಡಳಿತದೋರು ಏನಂದ್ರು, ಹೇಳು," ಎಂದ ಆಂಬ್ರೋಸ್.

"ನಾನು ಕೇಳಿದ್ದರಲ್ಲಿ ಅರ್ಧ ಕೊಡ್ತಾರಂತೆ. ಸೀಸನ್ ಕೊನೆಯಲ್ಲಿ ನನ್ನ ಡಿಫೆನ್ಸ್ ಬಿದ್ದುಹೋಯ್ತಂತೆ. ಅದಕ್ಕೆ ಆಟದ ಅಂಕಿಅಂಶ ಲೆಕ್ಕ ಹಾಕೋ ಆ ಕ್ರಾಟ್ಸ್ ಏನಂದ ಗೊತ್ತಾ? 'ದೊಡ್ಡ ತಂಡ ಬಂದ್ರೆ ಆಡ್ತಾರೆ, ಚಿಲ್ಲರೆ ತಂಡ ಬಂದ್ರೆ ಮೈಗಳ್ಳತನ ಮಾಡ್ತಾರೆ. ವಯಸ್ಸಾದೋರು ಹಾಗೇನೇ' ಅಂದ. ನನ್ನ ಮುಖಕ್ಕೇ! ನಾನು ಮೈಗಳ್ಳನಾ?"

"ನಿನ್ನ ಕರೀತಿರೋ ಸಿಯಾಟಲ್ ತಂಡದೋರು?"

"ಪೂರ್ತಿ ಕೊಡ್ತಾರೆ. ಇವತ್ತು ಸಂಜೆಯೊಳಗೆ ಹೂಂ ಅನ್ನಬೇಕಂತೆ. ನನಗೆ ಹೋಗೋಕೆ ಇಷ್ಟ ಇಲ್ಲ. ಹೆಂಡ್ತಿ ಲೊರೀನ್ ಸಲೂನ್ ಈಗ ತಾನೇ ನಡೆಯೋಕೆ ಶುರುವಾಗಿದೆ, ಮಗಳಿಗೆ ಇಲ್ಲಿ ಗೆಳತಿಯರಿದಾರೆ. ಆದ್ರೆ ಅರ್ಧ ಬೆಲೆಗೆ, ಅದೂ ಸೋಮಾರಿ ಅನ್ನಿಸ್ಕೊಂಡು ಇರಲ್ಲ. ಕಾಲು ಜಾರ್ತಿತ್ತು ಕಣೋ. ಆಣೆ ಮಾಡಿ ಹೇಳ್ತೀನಿ, ಜಾರ್ತಿತ್ತು."

ಮೂವತ್ತು ದಾಟಿದ ಆಟಗಾರನಿಗೆ ಇದು ಕೊನೆಯ ದೊಡ್ಡ ಕರಾರು. ಈ ತಂಡಕ್ಕೆ ಮೊಣಕಾಲು ತೇಯಿಸಿದವನಿಗೆ ಇಂಥ ಹೆಸರು ಕಟ್ಟಿದರಲ್ಲ ಎಂದು ಆಂಬ್ರೋಸ್‌ನ ಮೈ ಉರಿಯಿತು. ಅವನು ಫೋನೆತ್ತಿ ಬರ್ನಿಸ್ ಕೊವಾಲ್‌ಸ್ಕಿಯನ್ನು ಕರೆದ.

ಬರ್ನಿಸ್ ನಗರ ಪೊಲೀಸಿನಲ್ಲಿ ಪತ್ತೇದಾರಳಾಗಿ ನಿವೃತ್ತಳಾದ ಮೇಲೆ ಈ ಕ್ರೀಡಾಂಗಣದ ಭದ್ರತೆಯ ಮುಖ್ಯಸ್ಥೆ. ಇಲ್ಲಿ ಏನೇ ಕಳೆದರೂ, ಏನೇ ಗೋಲ್‌ಮಾಲ್ ಆದರೂ ಅವಳೇ ಪತ್ತೆಹಚ್ಚಬೇಕು, ಆಂಬ್ರೋಸ್ ಅವಳ ಹಿಂದೆ ಓಡಾಡಬೇಕು. ಆಟದ ಗಂಧಗಾಳಿ ಅವಳಿಗಿಲ್ಲ. ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾಳೆ. ಆಲೂಗಡ್ಡೆ ಚಿಪ್ಸನ್ನು ಒಳಗೇ ತುರುಕಿದ ದೊಡ್ಡ ಸ್ಯಾಂಡ್‌ವಿಚ್ ಹಿಡಿದು ಬಂದವಳು, ಎಲ್ಲ ಕೇಳಿ, ಮೊದಲು ಶೂ ಎತ್ತಿಕೊಂಡಳು.

"ಯಾವಾಗ ಹಾಕಿದ್ದು?"

"ಒಮಾಹ ತಂಡದ ಎದುರು. ಕೊನೇ ಸಲ ಜಾರಿದ್ದು ಅವತ್ತೇ. ಹಾಗೇ ಚೀಲದಲ್ಲಿತ್ತು," ಎಂದ ಟಾಲಿವರ್.

ಬರ್ನಿಸ್ ಶೂ ತಳಕ್ಕೆ ನೀರು ಚಿಮುಕಿಸಿದಳು. ಹಿಮ್ಮಡಿಯ ಕಡೆ ನೀರು ಹರಡಿತು. ಮುಂಗಾಲಿನ ಕಡೆ ಹನಿಹನಿಯಾಗಿ ನಿಂತಿತು. ಬೆರಳಿನಿಂದ ಉಜ್ಜಿ ಮೂಸಿದಳು.

"ಜಿಡ್ಡು. ಆಂಬ್ರೋಸ್, ಇಲ್ಲಿ ಜಿಡ್ಡು ಯಾರ ಹತ್ರ ಇರುತ್ತೆ?"

"ಎಲ್ಲರ ಕೈಗೂ ಸಿಗುತ್ತೆ. ಕಾಲಿಗೆ ಪಟ್ಟಿ ಸುತ್ತೋಕೆ ಮುಂಚೆ ಚರ್ಮ ಕಿತ್ತುಬರಬಾರದು ಅಂತ ಸವರ್ತಾರಲ್ಲ, ಅದು. ಡಬ್ಬ ಯಾವಾಗಲೂ ಪಟ್ಟಿ ಸುತ್ತೋ ಮೇಜಿನ ಮೇಲೇ ಇರುತ್ತೆ."

"ಹಾಗಾದ್ರೆ ಟ್ರೆಂಟ್ ಮೌಂಜರ್!" ಎಂದು ಟಾಲಿವರ್ ಸಿಡಿದ. "ನನ್ನ ಪಕ್ಕದ ಲಾಕರ್ ಅವನದೇ. ನಾನು ಹೋದ್ರೆ ನನ್ನ ಜಾಗ ಅವನಿಗೇ."

"ತಡಿಯಪ್ಪ. ಶೂ ಬದಲಾಯಿಸಿ ನೋಡಿದ್ಯಾ?"

"ನೋಡಿದೆ. ಒಂದು ಸಲ ಬೆಂಚಲ್ಲೇ ಹೊಸ ಶೂ ಡಬ್ಬ ಒಡೆದು ಹಾಕ್ಕೊಂಡೆ. ಆಮೇಲೆ ಒಳಗೆ ಹೋದ್ರೆ ಅದೂ ಜಾರ್ತು. ಅಷ್ಟೇ ಅಲ್ಲ, ಅವತ್ತೆಲ್ಲ ಚೆಂಡೂ ಕೈಯಿಂದ ಮೀನಿನ ಹಾಗೆ ನುಣುಚ್ಕೋತಿತ್ತು. ಬೆವರು ಅಂದ್ಕೊಂಡೆ."

ಬರ್ನಿಸ್ ಚಪ್ಪರಿಸುತ್ತಿದ್ದುದನ್ನು ನಿಲ್ಲಿಸಿದಳು. ಅವಳು ಹಾಗೆ ನಿಲ್ಲಿಸಿದರೆ ಏನೋ ಹೊಳೆದಿದೆ ಎಂದೇ ಅರ್ಥ. ಕೇಳಿದರೆ ಹೇಳುವುದಿಲ್ಲ ಎಂಬುದೂ ಆಂಬ್ರೋಸ್‌ಗೆ ಗೊತ್ತಿತ್ತು.

ಅಷ್ಟರಲ್ಲಿ ಕೋಚ್ ಮಾರ್ಟಿ ಗಿಲ್‌ರಾಯ್ ಬಾಗಿಲಲ್ಲಿ ತಲೆ ಹಾಕಿದರು. ಟಾಲಿವರ್‌ನ ಹೆಗಲ ಮೇಲೆ ಕೈಯಿಟ್ಟು, "ಮಗಾ, ನಿನ್ನನ್ನ ಬಿಡಲ್ಲ. ಕಡಿಮೆ ದುಡ್ಡಿಗಾದ್ರೂ ಸರಿ, ಉಳಿಸ್ಕೊಳ್ಳಲೇಬೇಕು ಅಂತ ಆಲ್ಡ್‌ವರ್ತ್ ಮೇಡಂ ಮುಂದೆ ಗೋಗರೆದಿದೀನಿ. ಆ ಕ್ರಾಟ್ಸ್‌ಗೆ ಆಟ ಏನು ಗೊತ್ತು, ಮಣ್ಣು!" ಎಂದು ಬೈದು ಹೋದರು. ಇವರೊಬ್ಬರಾದರೂ ಇದ್ದಾರಲ್ಲ ಎಂದು ಆಂಬ್ರೋಸ್‌ಗೆ ಸ್ವಲ್ಪ ಸಮಾಧಾನವಾಯಿತು.

ಟಾಲಿವರ್ ಹೋದ ಮೇಲೆ ಬರ್ನಿಸ್ ಕುರ್ಚಿ ಎಳೆದುಕೊಂಡಳು. "ಜಾರಿದ ಪಂದ್ಯಗಳನ್ನ ಹಾಕು. ಆಟ ಬೇಡ. ಬೆಂಚ್ ತೋರಿಸು."

"ಬೆಂಚಾ? ಜನ ಕೂತಿರ್ತಾರೆ, ಅಷ್ಟೇ."

"ನನಗೆ ಕೂತಿರೋ ಜನಾನೇ ಬೇಕು ಮಾರಾಯ."

ಆಂಬ್ರೋಸ್ ಗೊಣಗುತ್ತಲೇ ಇಡೀ ಅಂಗಣ ಕಾಣುವ ಕ್ಯಾಮೆರಾದ ವಿಡಿಯೊ ಹಾಕಿ ವಿವರಿಸಿದ. "ನೋಡಿ, ಕೋಚ್ ಹೆಸರು ಕೂಗ್ತಾರೆ. ಇವನು ಮೇಲಂಗಿ ಕಳಚ್ತಾನೆ. ಒಳಗೆ ಹೋಗೋ ಪ್ರತಿಯೊಬ್ಬನಿಗೂ ಕೋಚ್ ಕೈಗೆ ಕೈ ತಟ್ಟಿ ಕಳಿಸ್ತಾರೆ. ಆಮೇಲೆ ಎಲ್ಲರೂ ಸ್ಕೋರ್ ಮೇಜಿನ ಹತ್ರ ಇರೋ ಅಂಟು ಹಾಳೆ ಮೇಲೆ ಕಾಲೊತ್ತಿ ಶೂ ಧೂಳು ತೆಗೀತಾರೆ. ಟಾಲಿವರ್ ಒಬ್ಬ ಹಳೇ ಕಾಲದೋನು. ಬೀದಿ ಅಂಗಣದಲ್ಲಿ ಆಡಿದ ಅಭ್ಯಾಸ. ಅಂಗೈಗೆ ಉಗಿದು ಶೂ ತಳ ಒರಸ್ಕೋತಾನೆ."

"ಥೂ," ಎಂದಳು ಬರ್ನಿಸ್. ಆದರೆ ಅದೇ ತುಣುಕನ್ನು ಮತ್ತೆ ಹಾಕಿಸಿದಳು.

ಟಲ್ಸಾ ತಂಡದೊಂದಿಗಿನ ಪಂದ್ಯ ಬಂತು. ಅಂದು ಮುಖ್ಯ ಆಟಗಾರನೊಬ್ಬನಿಗೆ ಹೊಟ್ಟೆ ಕೆಟ್ಟು, ಟಾಲಿವರ್ ಮೊದಲಿನಿಂದಲೇ ಆಡಿದ್ದ. ಆರಂಭದಲ್ಲಿ ಎದುರಾಳಿಗೆ ಉಸಿರಾಡಲೂ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಕೂತು ಎದ್ದುಹೋದ ಮೇಲೆ ಕಾಲು ಜಾರತೊಡಗಿತು. ಅದೇ ವಿಡಿಯೊದಲ್ಲಿ ಗಿಲ್‌ರಾಯ್ ಬಿಡುವಿನಲ್ಲಿ ಕೈಹಲಗೆಯ ಮೇಲೆ ಗೆರೆ ಎಳೆಯಲು ಹೋಗಿ, ಪೆನ್ನು ಮೂಡದೆ, ಅದನ್ನು ನೆಲಕ್ಕೆ ಬಡಿದು ಬೇರೆಯದನ್ನು ಕಿತ್ತುಕೊಂಡರು. ಅದೂ ಮೂಡಲಿಲ್ಲ.

"ಕೋಚ್ ಸಿಟ್ಟು!" ಎಂದು ಆಂಬ್ರೋಸ್ ನಕ್ಕ.

ಬರ್ನಿಸ್ ನಗಲಿಲ್ಲ. "ಜಾರಿದ್ದು ಯಾವ ಯಾವ ತಂಡದ ಎದುರು?"

"ಟಾಲಿವರ್ ಹೇಳಿದ್ನಲ್ಲ, ಎಲ್ಲಾ ಬಾಲಂಗೋಚಿ ತಂಡಗಳು. ಟಲ್ಸಾ, ಒಮಾಹ, ಇಂಥವೇ. ಅದಕ್ಕೇ ಕ್ರಾಟ್ಸ್ ಮೈಗಳ್ಳತನ ಅಂದಿದ್ದು. ದೊಡ್ಡ ಆಟಗಾರರು ಚಿಕ್ಕ ತಂಡ ಬಂದ್ರೆ ಸಡಿಲ ಬಿಡೋದು ಎಲ್ಲ ಕಡೆ ಇರೋದೇ."

"ಆ ಪಂದ್ಯಗಳಲ್ಲಿ ನೀವು ಸೋತ್ರಾ?"

"ಅಂಥವರ ಹತ್ರ ಸೋಲೋದಾ? ಎಲ್ಲಾ ಗೆದ್ವಿ."

"ನಾಲ್ಕು ಗಂಟೆಗೆ ಎಲ್ಲರನ್ನೂ ಇಲ್ಲಿಗೆ ಕರಿ," ಎಂದು ಬರ್ನಿಸ್ ಎದ್ದಳು. ಯಾರು, ಹೇಗೆ ಎಂದು ಆಂಬ್ರೋಸ್ ಅಂಗಲಾಚಿದ. "ಇಷ್ಟೆಲ್ಲ ನೀನೇ ತೋರಿಸಿದೀಯ, ನಿನಗೇ ಕಾಣಲಿಲ್ವಾ?" ಎಂದು ಹೋಗಿಬಿಟ್ಟಳು. ಅವನಿಗೆ ಆ ಉಳಿದ ಸ್ಯಾಂಡ್‌ವಿಚ್ಚನ್ನು ಅವಳ ಬೆನ್ನಿಗೆ ಎಸೆಯುವಷ್ಟು ಸಿಟ್ಟು ಬಂತು.

ನಾಲ್ಕಕ್ಕೆ ಆ ಚಿಕ್ಕ ಕೋಣೆ ತುಂಬಿತು. ಟಾಲಿವರ್ ಗೋಡೆಗೆ ಒರಗಿ ನಿಂತಿದ್ದ. ಟ್ರೆಂಟ್ ಮೌಂಜರ್ ಅವನ ಕಣ್ಣು ತಪ್ಪಿಸುತ್ತಿದ್ದ. ಲೆಕ್ಕದ ಕ್ರಾಟ್ಸ್ ಕಂಪ್ಯೂಟರ್ ತೊಡೆಯ ಮೇಲಿಟ್ಟುಕೊಂಡಿದ್ದ. ತಂಡದ ಆಡಳಿತ ನೋಡುವ ಫಿಲಿಸ್ ಆಲ್ಡ್‌ವರ್ತ್ ಗಡಿಯಾರ ನೋಡುತ್ತಿದ್ದರು. ಗಿಲ್‌ರಾಯ್ ಕೊನೆಗೆ ಬಂದು ಬಾಗಿಲ ಬಳಿ ಕೂತರು.

"ಯಾರೋ ಈ ಮನುಷ್ಯನ ಕಾಲ ಕೆಳಗೆ ಜಿಡ್ಡು ಹಚ್ಚಿದಾರೆ," ಎಂದು ಬರ್ನಿಸ್ ಶುರುಮಾಡಿದಳು. "ಟ್ರೆಂಟ್, ನೀನು ಅಂತ ಇವನಿಗೆ ಅನುಮಾನ."

"ನಾನಾ? ನಾನ್ಯಾಕೆ—"

"ನೀನಲ್ಲ, ಕೂತ್ಕೊ. ಲಾಕರಲ್ಲಿದ್ದ ಶೂಗೆ ನೀನು ಹಚ್ಚಿದ್ರೆ, ಬೆಂಚಲ್ಲಿ ಡಬ್ಬ ಒಡೆದು ಹಾಕಿದ ಹೊಸ ಶೂ ಜಾರಬಾರದಿತ್ತು. ನೆಲದ ತಪ್ಪೂ ಅಲ್ಲ, ಉಳಿದೋರು ಜಾರಲಿಲ್ಲ. ಹಾಗಾದ್ರೆ ಜಿಡ್ಡು ಶೂ ತಳಕ್ಕೆ ಹತ್ತಿದ್ದು ಎಲ್ಲಿಂದ? ಇವನ ಅಂಗೈಯಿಂದ. ಉಗಿದು ಒರಸ್ಕೋತಾನಲ್ಲ, ಗಲೀಜು! ಅದಕ್ಕೇ ಅವತ್ತೆಲ್ಲ ಚೆಂಡೂ ನುಣುಚಿಕೊಂಡಿದ್ದು."

ಟಾಲಿವರ್ ತನ್ನ ಅಂಗೈ ನೋಡಿಕೊಂಡ.

"ಅಂಗೈಗೆ ಬಂದಿದ್ದು ಎಲ್ಲಿಂದ? ಟಲ್ಸಾ ಪಂದ್ಯ ನೋಡಿ. ಮೊದಲೇ ಅಂಗಣದಲ್ಲಿದ್ದಾಗ ಚೆನ್ನಾಗಿ ಆಡ್ದ. ಬೆಂಚಿಂದ ಎದ್ದುಹೋದ ಮೇಲೆ ಜಾರ್ದ. ಮೊದಲಿನಿಂದ ಆಡೋರನ್ನ ಯಾರೂ ಕೈ ತಟ್ಟಿ ಕಳಿಸಲ್ಲ, ಬೆಂಚಿಂದ ಹೋಗೋರನ್ನ ಕಳಿಸ್ತಾರೆ."

ಕೋಣೆಯಲ್ಲಿ ಯಾರೂ ಬಾಗಿಲ ಕಡೆ ನೋಡಲಿಲ್ಲ. ಆಂಬ್ರೋಸ್ ಮಾತ್ರ ನೋಡಿದ, ನೋಡಿ ನಂಬಲಾರದೆ ಹೋದ. ಬರ್ನಿಸ್ ಸನ್ನೆ ಮಾಡಿದಳು. ಅವನು ತುಣುಕು ಹಾಕಿದ. ಪರದೆಯಲ್ಲಿ ಗಿಲ್‌ರಾಯ್ ಒಬ್ಬೊಬ್ಬರಿಗೂ ಬಲಗೈ ತಟ್ಟುತ್ತಿದ್ದರು. ಟಾಲಿವರ್ ಎದ್ದಾಗ ಎಡಗೈ ಕೋಟಿನ ಜೇಬಿಗೆ ಹೋಗಿ ಬಂತು. ಅವನಿಗೆ ತಟ್ಟಿದ್ದು ಎಡಗೈ. ಒಮಾಹ ಪಂದ್ಯದಲ್ಲೂ ಅದೇ. ಬಲಿಷ್ಠ ತಂಡಗಳ ಎದುರು ಟಾಲಿವರ್‌ಗೂ ಬಲಗೈ.

"ಅದೇ ಎಡಗೈಯಲ್ಲಿ ಹಲಗೆ ಹಿಡ್ಕೊಂಡ್ರು," ಎಂದಳು ಬರ್ನಿಸ್. " ಹಲಗೆಗೂ ಜಿಡ್ಡು ಹತ್ತಿ ಪೆನ್ನು ಮೂಡಲಿಲ್ಲ. ಜಿಡ್ಡಿನ ಮೇಲೆ ಪೆನ್ನಿನ ಗೆರೆ ನಿಲ್ಲಲ್ಲ ಅಂತ ಆ ಗಡಿಬಿಡಿಯಲ್ಲಿ ಕೋಚ್‌ಗೆ ಹೊಳೀಲಿಲ್ಲ."

"ನಾನ್‌ಸೆನ್ಸ್!" ಎಂದರು ಆಲ್ಡ್‌ವರ್ತ್. "ಇವನನ್ನ ಉಳಿಸಿ ಅಂತ ಕಾಲಿಗೆ ಬಿದ್ದಿದ್ದೇ ಮಾರ್ಟಿ!"

"ಅದೇ ಮೇಡಂ. ನಿಮ್ಮೋರೆಲ್ಲ ಚಿಕ್ಕ ತಂಡ ಅಂದ ಕೂಡಲೇ ಮೈಗಳ್ಳತನ ಅಂದ್ರಿ. ನನಗೆ ಆಟ ಗೊತ್ತಿಲ್ಲ, ಅದಕ್ಕೆ ಬೇರೆ ಪ್ರಶ್ನೆ ಕೇಳ್ದೆ. ಇವನನ್ನ ಓಡಿಸ್ಬೇಕು ಅನ್ನೋನು ದೊಡ್ಡ ಪಂದ್ಯದಲ್ಲೇ ಬೀಳಿಸ್ತಿದ್ದ. ಜಿಡ್ಡು ಹಚ್ಚಿದೋನು ತಂಡ ಹೇಗೂ ಗೆಲ್ಲೋ ದಿನ ನೋಡಿ ಮಾಡಿದಾನೆ. ಟಾಲಿವರ್ ಬೆಲೆ ಬೀಳಬೇಕು, ತಂಡ ಬೀಳಬಾರದು. ಅಂಥೋನು ಇವನನ್ನ ಕಳ್ಕೊಳ್ಳೋಕೆ ಇಷ್ಟ ಇಲ್ಲದೋನು. ಅಗ್ಗವಾಗಿ ಉಳಿಸ್ಕೊಳ್ಳೋಕೆ ಹೊರಟೋನು."

ಗಿಲ್‌ರಾಯ್ ಬಾಯಿ ಬಿಟ್ಟರು. "ಸಂಬಳಕ್ಕೆ ಲೀಗ್ ಹಾಕಿರೋ ಮಿತಿ ಒಂದು ಇದೆಯಲ್ಲ. ಇವನಿಗೆ ಪೂರ್ತಿ ಕೊಟ್ರೆ ಬುಟ್ಟಿ ಹತ್ರ ನಿಂತು ಆಡೋ ಎತ್ತರದ ಒಬ್ಬ ಸೆಂಟರನ್ನ ತರೋಕಾಗಲ್ಲ. ಇಬ್ಬರೂ ಇದ್ರೆ ಕಪ್ ನಮ್ದೇ. ಇಷ್ಟು ವರ್ಷ ಮಣ್ಣು ಹೊತ್ತಿದೀನಿ, ಒಂದೇ ಒಂದು ಕಪ್... ಒಂದು ಚೂರು ಜಿಡ್ಡು, ಬೀಳಬಾರದು ಅಂತ ನೋಡ್ಕೊಂಡೇ ಹಚ್ದೆ ಮಗಾ."

"ನಾನು ಎಷ್ಟು ಬೆಲೆ ಬಾಳ್ತೀನಿ, ಕೋಚ್?" ಎಂದ ಟಾಲಿವರ್.

"ನೀನು ಕೇಳಿದ್ದಕ್ಕಿಂತ ಹೆಚ್ಚು. ನನಗೆ ಮೊದಲಿಂದ ಗೊತ್ತು."

"ಗೊತ್ತಿದ್ದೋರು ನೀವೊಬ್ಬರೇ. ನೀವೇ ಕದ್ರಿ."

ಕ್ರಾಟ್ಸ್ ಅಷ್ಟರಲ್ಲಿ ಕೀಲಿಗಳನ್ನು ಟಕಟಕ ಒತ್ತಿ ಮುಗಿಸಿದ್ದ. ಮುಖ ಕೆಂಪಾಗಿತ್ತು. "ಆ ಪಂದ್ಯಗಳನ್ನ ಬಿಟ್ಟು ನೋಡ್ದೆ. ಲೀಗಲ್ಲಿ ಇವರಷ್ಟು ಚೆನ್ನಾಗಿ ತಡೆಯೋರು ಇನ್ನೊಬ್ಬರಿಲ್ಲ. ನಾನು ಸರಾಸರಿ ತೆಗೆದು ಕೂತ್ಕೊಂಡೆ, ಯಾವ ಪಂದ್ಯ ಅಂತ ನೋಡಲೇ ಇಲ್ಲ. ಕ್ಷಮಿಸಿ ರೂಫಸ್."

ಆಲ್ಡ್‌ವರ್ತ್ ಟಾಲಿವರ್ ಕಡೆ ತಿರುಗಿದರು. "ಸರಿ. ರೂಫಸ್, ನೀವು ಕೇಳಿದ್ದು ಪೂರ್ತಿ ಕೊಡ್ತೀವಿ. ಇವತ್ತೇ ಸಹಿ ಮಾಡಿ."

"ಇವರು?" ಟಾಲಿವರ್ ಬಾಗಿಲ ಕಡೆ ತಲೆ ಆಡಿಸಿದ. "ಇವರ ಕೈಕೆಳಗೆ ನಾನು ಆಡಲ್ಲ ಮೇಡಂ. ಇಬ್ಬರಲ್ಲಿ ಒಬ್ಬರೇ ಇರಬೇಕು. ಯಾರು, ಹೇಳಿ."

ಆಂಬ್ರೋಸ್ ಆಲ್ಡ್‌ವರ್ತ್ ಅವರ ಮುಖ ನೋಡಿದ. ಇನ್ನೇನು ಬೇಕು? ಎಲ್ಲವೂ ಕಣ್ಣೆದುರಿಗಿತ್ತು. ಹೇಳಿಬಿಡಿ ಮೇಡಂ, ಒಂದೇ ಮಾತು!

"ಅದು ಬೇರೆ ವಿಷಯ," ಎಂದರು ಆಲ್ಡ್‌ವರ್ತ್. "ಮಾರ್ಟಿ ಈ ಊರಿಗೆ ಎಷ್ಟು ಬೇಕಾದೋರು ಅಂತ ನಿಮಗೂ ಗೊತ್ತು. ನೀವೋ ಬೆಂಚಿನ ಆಟಗಾರ... ತಪ್ಪು ತಿಳ್ಕೋಬೇಡಿ. ವಕೀಲರ ಹತ್ರ ಮಾತಾಡಬೇಕು, ಮಾಲೀಕರ ಹತ್ರ ಮಾತಾಡಬೇಕು. ಒಂದೆರಡು ವಾರ ಟೈಮ್ ಕೊಡಿ."

"ಇದರಲ್ಲಿ ಯೋಚಿಸೋಕೆ ಏನಿದೆ ಮೇಡಂ!" ಎಂದು ಕೂಗಿದ್ದು ಕ್ರಾಟ್ಸ್.

ಟಾಲಿವರ್ ಕೂಗಲಿಲ್ಲ. ಫೋನ್ ತೆಗೆದು ತನ್ನ ಏಜೆಂಟಿಗೆ, "ಸಿಯಾಟಲ್‌ಗೆ ಹೂಂ ಅನ್ನು," ಎಂದ. ಬರ್ನಿಸ್‌ಗೆ ಥ್ಯಾಂಕ್ಸ್ ಹೇಳಿದ, ಆಂಬ್ರೋಸ್‌ನನ್ನು ಒಮ್ಮೆ ಅಪ್ಪಿಕೊಂಡ, ಗಿಲ್‌ರಾಯ್ ಅವರ ಕುರ್ಚಿ ದಾಟಿ ಹೊರಗೆ ಹೋದ.

ಗಿಲ್‌ರಾಯ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಆಲ್ಡ್‌ವರ್ತ್ ನಿಟ್ಟುಸಿರು ಬಿಟ್ಟು, ಕಾಗದಗಳನ್ನು ಜೋಡಿಸಿಕೊಂಡು, ಆಗಲೇ ಮುಂದಿನ ಕೆಲಸಕ್ಕೆ ಇಳಿದಿದ್ದರು.

"ಆಂಬ್ರೋಸ್, ನಾಳೆಯೊಳಗೆ ಒಂದು ವಿಡಿಯೊ ಮಾಡಿಕೊಡಿ. ಅವನ ಹಾಗೆ ತಡೆಯೋರು ಮಾರ್ಕೆಟ್ಟಲ್ಲಿ ಯಾರಿದಾರೆ?"

"ಒಬ್ಬ ಇದ್ದ ಮೇಡಂ," ಎಂದ ಆಂಬ್ರೋಸ್. "ನೀವು ಯೋಚನೆ ಮಾಡ್ತಿದ್ದಾಗ ಎದ್ದುಹೋದ."