ಎಣ್ಣೆ ಹಾಕಿದ ಡ್ರಿಲ್

ಓಣಿಯ ಕೊನೇ ಮನೆಯ ಅಜ್ಜಿಗೆ ಎಡಗಾಲಿನಲ್ಲಿ ಬಲವಿರಲಿಲ್ಲ. ಬುಧವಾರ ಬೆಳಿಗ್ಗೆ ನೋಡಿದರೆ ಅವಳ ಬಚ್ಚಲುಮನೆಯ ಗೋಡೆಯಲ್ಲಿ ಕಂಬಿಯೂ ಇರಲಿಲ್ಲ.

ಸ್ನಾನ ಮುಗಿಸಿ ಏಳುವಾಗ ಹಿಡಿದುಕೊಳ್ಳುವ ಸ್ಟೀಲ್ ಕಂಬಿ ಅದು. ಇದ್ದ ಜಾಗದಲ್ಲಿ ನಾಲ್ಕು ತೂತುಗಳು ಉಳಿದಿದ್ದವು.

"ಕಳ್ಳ ಬಂದಿದ್ದ ಕಣೇ," ಎಂದಳು ಅಜ್ಜಿ.

"ಬೆಳ್ಳಿ ಲೋಟ ಮೇಜಿನ ಮೇಲೇ ಇದೆ. ಅದನ್ನ ಬಿಟ್ಟು ಕಂಬಿ ಕದ್ನಾ?"

"ಬುದ್ಧಿಗೇಡಿ ಕಳ್ಳ."

ಕೇಳಿದವಳು ಟೇಪಕ್ಕ. ವಯಸ್ಸಾದವರು ತಮ್ಮ ಮನೆಯಲ್ಲೇ ಉಳಿಯಲು ನೆರವಾಗುವ ಯೋಜನೆಯ ಕಾರ್ಯಕರ್ತೆ. ಬಾಗಿಲಿನ ಅಗಲ, ಮಂಚದ ಎತ್ತರ, ಮೆಟ್ಟಿಲ ಅಂಚು, ಕಂಡದ್ದನ್ನೆಲ್ಲ ಅಳೆಯುತ್ತಾಳೆ. ಹಾಗಾಗಿ ಆ ಹೆಸರು.

"ಅಜ್ಜೀ, ನಮ್ಮ ಸಾಹೇಬರ ತಪಾಸಣೆ ಇವತ್ತು ಮೂರು ಗಂಟೆಗೆ."

ಅಜ್ಜಿಯ ಮುಖ ಸಪ್ಪಗಾಯಿತು. "ಮುಂದಿನ ವಾರ ಅಂದಿದ್ಯಲ್ಲೇ!"

"ಬದಲಾಯ್ತು. ಕಂಬಿ ಇಲ್ದಿದ್ರೆ ಮನೆ ಅಪಾಯ ಅಂತ ಬರೀತಾರೆ. ಆಮೇಲೆ ನೀವು ಮಗಳ ಮನೆ ಸೇರಬೇಕು."

"ಅವಳ ಮನೇಲಿ ಫ್ಯಾನ್ ಹಾಕ್ಬೇಕಾದ್ರೂ ಕೇಳ್ಬೇಕು," ಎಂದು ಅಜ್ಜಿ ಸ್ಟೂಲಿನ ಮೇಲೆ ಕುಸಿದಳು.

ಟೇಪಕ್ಕ ನೆಲ ನೋಡಿದಳು. ಚೆನ್ನಾಗಿ ಒರೆಸಿದೆ. ನೀರು ಹೋಗುವ ಜಾಲರಿಯ ಪಕ್ಕ ಒಂದೇ ಒಂದು ಬಿಳಿ ತಿರುಪು ಬಿದ್ದಿತ್ತು. ಅದರ ತಲೆಯ ಮೇಲೆ ಒಂದು ಗೀರೂ ಇಲ್ಲ. ಅವಸರದ ಕಳ್ಳನ ಕೆಲಸ ಇದಲ್ಲ.

*

ಮೊದಲ ಅನುಮಾನ ಮಗಳ ಮೇಲೆ. ಅವಳ ಹತ್ತಿರ ಇನ್ನೊಂದು ಕೀಲಿ ಇತ್ತು. ಅಮ್ಮನಿಗೆಂದು ಒಂದು ಕೋಣೆಗೆ ಬಣ್ಣ ಹೊಡೆಸಿಯೂ ಆಗಿತ್ತು.

ಫೋನು ಹೋದ ಅರ್ಧ ಗಂಟೆಗೆ ಮಗಳು ಓಡಿಬಂದಳು.

"ನಾನಾ? ನಾನು ಕಂಬಿ ಬಿಚ್ಚೋದಾ? ಡಬ್ಬಿ ಮುಚ್ಚಳ ಬಿಗಿಯಾದ್ರೆ ಅದನ್ನ ಚೀಲಕ್ಕೆ ಹಾಕ್ಕೊಂಡು ಅಮ್ಮನ ಹತ್ರ ಬರೋಳು ನಾನು!"

ಚೀಲ ತೆರೆದು ತೋರಿಸಿದಳು. ಒಳಗೆ ನಿಜವಾಗಿಯೂ ಎರಡು ಡಬ್ಬಿಗಳಿದ್ದವು. ಅಜ್ಜಿ ಎರಡನ್ನೂ ಟಕ್ ಟಕ್ ಎಂದು ತೆರೆದುಕೊಟ್ಟಳು.

ಟೇಪಕ್ಕ ಅದನ್ನು ನೋಡಿದಳು.

*

ಎರಡನೇ ಅನುಮಾನ ಯೋಜನೆಯ ಫಿಟ್ಟರ್ ಮೇಲೆ. ಸೋಮವಾರ ಕಂಬಿ ಬಿಗಿ ಮಾಡಲು ಬಂದಿದ್ದವನು ಅವನೇ. ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿದ.

"ನಾನು ಹಾಕಿದ್ದನ್ನ ನಾನೇ ಯಾಕೆ ಕೀಳ್ಲಿ ಟೇಪಕ್ಕಾ? ಸುಮ್ನೆ ಎರಡು ಸಲ ಕೆಲಸ."

"ಸೋಮವಾರ ಇಲ್ಲೇನಾದ್ರೂ ಬಿಟ್ಟು ಹೋಗಿದ್ರಾ?"

"ಡ್ರಿಲ್ ಮರೆತಿದ್ದೆ. ನಿನ್ನೆ ಸಂಜೆ ಅಜ್ಜಿ ಕೊಟ್ರು." ಅವನು ತಲೆ ಕೆರೆದುಕೊಂಡ. "ಒಂದು ವಿಚಿತ್ರ. ಬಿಟ್ಟು ಹೋದಾಗ ಕರಕರ ಅಂತಿತ್ತು. ವಾಪಸ್ ಸಿಕ್ಕಿದಾಗ ಒರೆಸಿ ಎಣ್ಣೆ ಹಾಕಿತ್ತು. ಈಗ ಬೆಣ್ಣೆ ಹಾಗೆ ತಿರುಗುತ್ತೆ."

ಟೇಪಕ್ಕ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಗೋಡೆಯ ಗಡಿಯಾರ ನೋಡುತ್ತಿದ್ದಳು. ಅದು ನಿಂತು ಎರಡು ತಿಂಗಳಾಗಿತ್ತು. ಅದರ ಕೆಳಗೆ ಅಜ್ಜಿಯ ಹಳೇ ಹೊಲಿಗೆ ಯಂತ್ರವಿತ್ತು.

*

ಓಣಿಯಲ್ಲಿ ಎದುರುಮನೆಯ ತಾತ ಕುರ್ಚಿ ಹಾಕಿಕೊಂಡು ಕೂತಿದ್ದ. ಶಿಳ್ಳೆ ಹೊಡೆಯುತ್ತಿದ್ದ. ಮೂರು ವಾರಗಳಿಂದ ಅವನ ಹತ್ತಿರ ಹೋದರೆ ಪೌಡರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಇವತ್ತು ಸೋಪಿನ ವಾಸನೆ. ತಲೆಗೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ತಾತಾ, ಸ್ನಾನ ಆಯ್ತಾ?"

"ಮುಕ್ಕಾಲು ಗಂಟೆ ಮಾಡ್ದೆ!"

"ನಿಮ್ಮ ಬಚ್ಚಲುಮನೆ ನೋಡ್ಬಹುದಾ?"

ಶಿಳ್ಳೆ ನಿಂತಿತು.

ಕಂಬಿ ಅಲ್ಲಿತ್ತು. ಮೂರು ಬಿಳಿ ತಿರುಪು, ಒಂದು ಕರಿ ತಿರುಪು. ಟೇಪಕ್ಕ ಟೇಪು ಹಿಡಿದಳು. ಎತ್ತರ ತಾತನ ಮಣಿಕಟ್ಟಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸರಿಯಾಗಿತ್ತು. ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಳು. ಅಲುಗಲಿಲ್ಲ.

"ನಾನು ಹಾಕೋದಕ್ಕಿಂತ ನೇರವಾಗಿದೆ," ಎಂದ ಫಿಟ್ಟರ್. ಅವನಿಗೆ ಸ್ವಲ್ಪ ಹೊಟ್ಟೆಯುರಿ.

*

ಎಲ್ಲರೂ ತಾತನ ನಡುಮನೆಯಲ್ಲಿ ಸೇರಿದರು.

"ಕರಿ ತಿರುಪು ಹೊಲಿಗೆ ಯಂತ್ರವನ್ನ ಮೇಜಿಗೆ ಕೂರಿಸೋದು," ಎಂದಳು ಟೇಪಕ್ಕ. "ಒಂದು ಬಿಳಿ ತಿರುಪು ಜಾಲರಿ ಹತ್ರ ಉರುಳಿತ್ತು, ಅದಕ್ಕೇ ಈ ಬದಲಿ. ಅಜ್ಜೀ, ಮೂವತ್ತು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದೋರು ನೀವು. ಬೇರೆಯವರ ಡ್ರಿಲ್ ಮುಟ್ಟಿದ್ರೂ ಎಣ್ಣೆ ಹಾಕದೆ ವಾಪಸ್ ಕೊಡೋಕೆ ಕೈ ಬರ್ಲಿಲ್ಲ. ಮನೆಯಲ್ಲಿ ಗಟ್ಟಿ ಕೈ ಯಾರದು ಅಂತ ನಿಮ್ಮ ಮಗಳೇ ಹೇಳಿದ್ಲು. ಕಂಬಿ ಹೋಗಿದ್ದಕ್ಕೆ ನೀವು ಗಾಬರಿ ಬೀಳ್ಲಿಲ್ಲ, ತಪಾಸಣೆ ಇವತ್ತು ಅಂದಾಗ ಬಿದ್ರಿ."

"ಅಮ್ಮಾ!" ಎಂದಳು ಮಗಳು.

"ಕಳುವಾದ್ರೆ ಎರಡು ದಿನದಲ್ಲಿ ಹೊಸದು ಕೊಡ್ತಾರಂತೆ. ಒಂದಿದ್ದದ್ದು ಎರಡಾಗ್ತಿತ್ತು," ಎಂದಳು ಅಜ್ಜಿ. "ಈ ಮನುಷ್ಯ ಬಚ್ಚಲಲ್ಲಿ ಜಾರಿ ಬಿದ್ದ. ಆಮೇಲೆ ಹೆದರ್ಕೊಂಡು ಸ್ನಾನಾನೇ ಬಿಟ್ಟ. ನಾನು ಎದುರುಮನೇಲಿ ಇರೋಳು. ಗಾಳಿ ನನ್ನ ಕಡೇನೇ ಬೀಸುತ್ತೆ."

"ನೀವು ಯೋಜನೆಗೆ ಅರ್ಜಿ ಹಾಕಿದ್ರಲ್ಲ ತಾತಾ?" ಎಂದಳು ಟೇಪಕ್ಕ.

ತಾತ ಕಾಲುಬೆರಳು ನೋಡಿಕೊಂಡ. ಅರ್ಜಿ ಹಾಕಿದ್ದ. ಹನ್ನೆರಡು ಪ್ರಶ್ನೆ ಕೇಳಿದ್ದರು. ಹನ್ನೆರಡಕ್ಕೂ ಒಂದೇ ಉತ್ತರ ಕೊಟ್ಟಿದ್ದ: ನಾನೇ ಮಾಡ್ಕೋತೀನಿ. ನೆರವು ಬೇಡದವನಿಗೆ ಯಾರು ಕಂಬಿ ಕೊಡುತ್ತಾರೆ?

ಟೇಪಕ್ಕ ಹೊಸ ಅರ್ಜಿ ತೆಗೆದಳು. "ಕಳುವಿನ ಕಥೆ ನಾನು ಬರೆಯಲ್ಲ. ತಾತಾ, ನೀವು ನಿಜ ಹೇಳಿದ್ರೆ ಈ ಕಂಬಿ ನಿಮ್ಮ ಹೆಸರಿಗೆ, ವ್ಯಾನಲ್ಲಿರೋ ಹೊಸ ಕಂಬಿ ಅಜ್ಜಿಗೆ. ಇಲ್ದಿದ್ರೆ ಈಗ್ಲೇ ಇದನ್ನ ಬಿಚ್ಚಿ ಅಲ್ಲಿ ಹಾಕ್ತೀವಿ. ಸ್ನಾನ ಮಾಡಿ ಏಳೋಕೆ ನಿಮ್ಮೊಬ್ಬರ ಕೈಲಿ ಆಗುತ್ತಾ?"

ತಾತನ ಬಾಯಿ ತೆರೆಯಿತು. "ನಾನೇ..."

ಅಜ್ಜಿ ಪೌಡರ್ ಡಬ್ಬಿ ಎತ್ತಿ ಅವನ ಮುಂದಿಟ್ಟಳು.

"ಆಗಲ್ಲ," ಎಂದ ತಾತ. ಆಮೇಲೆ ಜೋರಾಗಿ ನಕ್ಕ. "ಆಗಲ್ಲ ಕಣ್ರೀ! ಬರ್ಕೊಳ್ಳಿ. ಮೆಟ್ಟಿಲೂ ಆಗಲ್ಲ, ಕಾಲಿನ ಉಗುರೂ ಆಗಲ್ಲ!"

"ಸಾಕು ಸಾಕು, ಉಗುರಿಗೆ ಕಂಬಿ ಕೊಡಲ್ಲ," ಎಂದಳು ಅಜ್ಜಿ.

ಮಗಳು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಬಣ್ಣ ಹೊಡೆಸಿದ ಕೋಣೆಯ ಮಾತು ಆಮೇಲೆ ಅವಳು ಎತ್ತಲಿಲ್ಲ.

*

ಮೂರು ಗಂಟೆಗೆ ಸಾಹೇಬರು ಬಂದರು. ಎರಡೂ ಕಂಬಿಗಳನ್ನು ಎಳೆದು ನೋಡಿದರು. ಎರಡೂ ಮನೆಗೆ ‘ಸುರಕ್ಷಿತ’ ಎಂದು ಬರೆದರು. ಎದುರುಮನೆಯ ಕಂಬಿ ಹಾಕಿದ್ದು ಯಾರು ಎಂದು ಮೆಚ್ಚಿಕೊಂಡೇ ಕೇಳಿದರು. ಫಿಟ್ಟರ್ ಅಜ್ಜಿಯನ್ನು ತೋರಿಸಿದ. ಸಾಹೇಬರು ಅದನ್ನು ತಮಾಷೆ ಎಂದುಕೊಂಡು ನಕ್ಕು ಹೊರಟರು.

ಈ ಪ್ರಕರಣದಲ್ಲಿ ಒಟ್ಟು ಕಳೆದದ್ದು: ಹೊಲಿಗೆ ಯಂತ್ರದ ಒಂದು ಕರಿ ತಿರುಪು, ತೂತು ಕೊರೆಯುವಾಗ ತಾತನ ಬಚ್ಚಲ ಗೋಡೆಯಿಂದ ಎದ್ದ ಉಗುರಗಲದ ಟೈಲ್ಸ್ ಚೂರು, ತಾತನ ಮೂರು ‘ನಾನೇ ಮಾಡ್ಕೋತೀನಿ’.